ಅಜ್ಜಿಯ ರೇಷ್ಮೆ ಸೀರೆ ಅಸಲಿಯೇ? ಮಾಂಬಳ್ಳಿ ದಾರಿಯಲ್ಲಿ ಕೇಳಿ ತಿಳಿದಿದ್ದು

ಕೊಳ್ಳೇಗಾಲದಿಂದ ಯಳಂದೂರಿನ ಕಡೆ ಹೊರಟರೆ ನಡುವೆ ಸಿಗುವ ಊರು ಮಾಂಬಳ್ಳಿ. ಪಕ್ಕದ ಊರನ್ನೂ ಸೇರಿಸಿ ‘ಅಗರ-ಮಾಂಬಳ್ಳಿ’ ಅಂತ ಜೋಡಿ ಹೆಸರಲ್ಲೇ ಜನ ಕರೆಯುವುದು ರೂಢಿ. ವೀಕೆಂಡ್‌ಗೆ ಬಿಳಿಗಿರಿರಂಗನ ಬೆಟ್ಟ ಹತ್ತುವ ಕಾರುಗಳು ಇಲ್ಲಿ ನಿಲ್ಲುವುದು ಕಡಿಮೆ. ಟೀ ಕುಡಿಯೋಕೆ ನಿಂತವರೂ ಬೆಟ್ಟದ ಕಡೆ ನೋಡುತ್ತಾರೆಯೇ ಹೊರತು ಊರಿನ ಕಡೆ ಅಲ್ಲ.

ಆದರೆ ನಿಮ್ಮ ಮನೆಯ ಬೀರುವಿನಲ್ಲಿ ಮಲ್ಲು ಪಂಚೆಯಲ್ಲಿ ಸುತ್ತಿಟ್ಟ ಒಂದು ಹಳೆಯ ರೇಷ್ಮೆ ಸೀರೆ ಇದ್ದರೆ, ಅಥವಾ ಮುಂದಿನ ಮದುವೆ ಸೀಸನ್ನಿಗೆ ಹೊಸದೊಂದು ಕೊಳ್ಳುವ ಯೋಚನೆ ಇದ್ದರೆ, ಈ ಹದಿನೈದಿಪ್ಪತ್ತು ಕಿಲೋಮೀಟರಿನ ದಾರಿ ಒಂದು ದಿನದ ಪಾಠಕ್ಕೆ ಸಾಕು. ಹಿಪ್ಪುನೇರಳೆ ತೋಟ, ಹುಳು ಮನೆ, ಗೂಡಿನ ಮಾರುಕಟ್ಟೆ, ನೂಲು ಬಿಚ್ಚುವವರು, ಹುರಿ ಹಾಕುವವರು, ಮಗ್ಗ ಎಲ್ಲವೂ ಒಂದರ ಹಿಂದೆ ಒಂದು ಇರುವ ಸೀಮೆ ಇದು. ‘ಪ್ಯೂರ್ ಸಿಲ್ಕ್, ಪ್ಯೂರ್ ಜರಿ’ ಅಂತ ಆನ್‌ಲೈನ್‌ನಲ್ಲಿ ನೋಡಿ ನೋಡಿ ಸುಸ್ತಾದವರಿಗೆ, ಆ ‘ಪ್ಯೂರ್’ ಅಂದರೆ ಏನು ಅಂತ ಕೈಯಲ್ಲಿ ಮುಟ್ಟಿ ತಿಳಿಯುವ ಜಾಗ.

ಗಡಿಯ ಆಚೆ ಈಚೆ

1956ರ ನವೆಂಬರ್ 1ರವರೆಗೆ ಈ ದಾರಿಯಲ್ಲಿ ಒಂದು ರಾಜ್ಯದ ಗಡಿ ಇತ್ತು. ಕೊಳ್ಳೇಗಾಲ ಮದ್ರಾಸ್ ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಯಳಂದೂರು ಮೈಸೂರಿನದು, ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ಬಂದ ಸೀಮೆ. ಆಡಳಿತ ಎರಡಾದರೂ ಕಸುಬು ಒಂದೇ. ಟಿಪ್ಪು ಸುಲ್ತಾನನ ಕಾಲದಲ್ಲಿ ಮೈಸೂರು ಸೀಮೆಗೆ ಬಂದ ರೇಷ್ಮೆ ಹುಳು ಈ ಭಾಗದಲ್ಲಿ ಚೆನ್ನಾಗಿ ನೆಲೆ ಕಂಡುಕೊಂಡಿತು. ಮದ್ರಾಸ್ ಪ್ರಾಂತ್ಯದಲ್ಲಿ ರೇಷ್ಮೆ ಕೃಷಿ ಅಂದರೆ ಮುಖ್ಯವಾಗಿ ಕೊಳ್ಳೇಗಾಲ ತಾಲ್ಲೂಕೇ. ಈ ಕಡೆ ಸಂತೇಮರಹಳ್ಳಿ, ಮಾಂಬಳ್ಳಿ ಹೆಸರುಗಳು ಸರ್ಕಾರಿ ರೇಷ್ಮೆ ನೂಲಿನ ಕಾರ್ಖಾನೆಗಳ ಜೊತೆ ಸೇರಿಕೊಂಡವು. ಇಲ್ಲಿನ ಹಳಬರ ಬಾಯಲ್ಲಿ ಇಂದಿಗೂ ‘ಫ್ಯಾಕ್ಟ್ರಿ’ ಅಂದರೆ ರೇಷ್ಮೆ ಫ್ಯಾಕ್ಟ್ರಿಯೇ.

ಈಗ ತೋಟಗಳು ಮೊದಲಿನಷ್ಟಿಲ್ಲ. ಹಿಪ್ಪುನೇರಳೆ ಇದ್ದ ಕಡೆ ಕಬ್ಬು, ಬಾಳೆ, ತೆಂಗು. ಆದರೂ ಕಸುಬು ಬಲ್ಲ ಕೈಗಳು ಇನ್ನೂ ಇವೆ.

ಮೊದಲು ಮೂಗಿಗೆ, ಆಮೇಲೆ ಕಣ್ಣಿಗೆ

ನೂಲು ಬಿಚ್ಚುವ ಮನೆ ಹತ್ತಿರ ಬಂತು ಅಂತ ಮೊದಲು ಹೇಳುವುದು ಮೂಗು. ಬಿಸಿ ನೀರಿನಲ್ಲಿ ಬೇಯುವ ಗೂಡಿನ ವಾಸನೆ ಅಷ್ಟು ಗಾಢ. ಕರವಸ್ತ್ರ ತೆಗೆದ ನನ್ನನ್ನು ನೋಡಿ ಅಲ್ಲಿದ್ದ ಹಿರಿಯರೊಬ್ಬರು ನಕ್ಕರು: “ಮೂಗು ಮುಚ್ಕಂಡ್ರೆ ರೇಸ್ಮೆ ಹೆಂಗ್ ಗೊತ್ತಾದದವ್ವ?”

ಅವರು ತೋರಿಸಿದ್ದು ಹೀಗೆ. ಹುಳು ಗೂಡು ಕಟ್ಟುವಾಗ ಎಳೆಯ ಮೇಲೆ ಒಂದು ಅಂಟು ಬಿಡುತ್ತದೆ, ಅದಕ್ಕೆ ಸೆರಿಸಿನ್ ಅಂತಾರೆ. ಬಿಸಿ ನೀರಿಗೆ ಅಂಟು ಸಡಿಲವಾಗುತ್ತದೆ, ಎಳೆಯ ತುದಿ ಸಿಗುತ್ತದೆ. ಒಂದೊಂದೇ ಎಳೆ ಕಣ್ಣಿಗೆ ಕಾಣದಷ್ಟು ಸಣ್ಣದು, ಅದಕ್ಕೆ ಹಲವು ಗೂಡುಗಳ ಎಳೆ ಸೇರಿಸಿ ಒಂದು ನೂಲು ಮಾಡುತ್ತಾರೆ. ಒಳ್ಳೆಯ ಬಿಳಿ ದ್ವಿತಳಿ ಗೂಡಿನಲ್ಲಿ ಸುಮಾರು 1000 ಮೀಟರ್ ಉದ್ದದ ಒಂದೇ ಎಳೆ ಇರುತ್ತದೆ. ನಮ್ಮ ಹಳೆಯ ಮೈಸೂರು ತಳಿಯ ಗೂಡು ಹಸಿರು ಮಿಶ್ರಿತ ಹಳದಿ, ಅದರಲ್ಲಿ ಎಳೆ ಇದರ ಅರ್ಧಕ್ಕಿಂತ ಕಡಿಮೆ.

ನೇಯುವ ಮೊದಲೋ ಆಮೇಲೋ ಈ ಅಂಟನ್ನು ತೆಗೆಯುತ್ತಾರೆ. ಆಗ ತೂಕದಲ್ಲಿ ಹೆಚ್ಚೂಕಮ್ಮಿ ಕಾಲು ಭಾಗ ಹೋಗುತ್ತದೆ, ಹೊಳಪು ಹೊರಗೆ ಬರುತ್ತದೆ. ರೇಷ್ಮೆಯ ಎಳೆಯನ್ನು ಅಡ್ಡ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೂಲೆ ಸವೆದ ತ್ರಿಕೋನದ ಹಾಗೆ ಕಾಣುತ್ತದೆ. ಅದಕ್ಕೇ ಸೀರೆ ತಿರುಗಿಸಿದ ಹಾಗೆ ಬೆಳಕೂ ಬಣ್ಣವೂ ಬದಲಾಗುವುದು. ಆದರೆ ಬರೀ ಹೊಳಪು ನೋಡಿ ತೀರ್ಮಾನ ಮಾಡಬೇಡಿ. ಅದೇ ಆಕಾರದ ಪಾಲಿಯೆಸ್ಟರ್ ಎಳೆಯನ್ನು ಮಿಲ್ಲುಗಳು ಯಾವತ್ತೋ ಮಾಡಲು ಕಲಿತಿವೆ.

ಬೆಂಕಿ ಏನು ಹೇಳುತ್ತದೆ

ಸೀರೆ ಉಂಗುರದೊಳಗೆ ತೂರಿದರೆ ಅಸಲಿ ಅನ್ನುವ ಮಾತು ನೀವೂ ಕೇಳಿರುತ್ತೀರಿ. ತೆಳುವಾದ ನಕಲಿ ಸೀರೆ ಸಲೀಸಾಗಿ ತೂರುತ್ತದೆ, ದಪ್ಪ ಜರಿ ಅಂಚಿನ ಅಸಲಿ ಸೀರೆ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಉಂಗುರ ಬೆರಳಲ್ಲೇ ಇರಲಿ.

ಮನೆಯಲ್ಲಿ ಮಾಡಬಹುದಾದ ನಂಬಿಕೆಯ ಪರೀಕ್ಷೆ ಒಂದೇ, ಬೆಂಕಿಯದು. ಸೆರಗಿನ ಕುಚ್ಚಿನಿಂದಲೋ ಒಳಗಿನ ತುದಿಯಿಂದಲೋ ನಾಲ್ಕೈದು ಎಳೆ ಬಿಡಿಸಿ. ಉದ್ದದ ಹಾಸಿನ ಎಳೆ ಬೇರೆ, ಅಡ್ಡದ ಹೊಕ್ಕಿನ ಎಳೆ ಬೇರೆ ಇಡಿ. ಇದು ಮುಖ್ಯ, ಯಾಕಂದರೆ ಹಾಸು ರೇಷ್ಮೆ, ಹೊಕ್ಕು ಪಾಲಿಯೆಸ್ಟರ್ ಇರುವ ಸೀರೆಗಳೂ ‘ಸಿಲ್ಕ್’ ಹೆಸರಲ್ಲಿ ಮಾರಾಟವಾಗುತ್ತವೆ. ಸ್ಟೀಲ್ ತಟ್ಟೆಯ ಮೇಲೆ, ಚಿಮುಟದಲ್ಲಿ ಹಿಡಿದು, ಪಕ್ಕದಲ್ಲಿ ನೀರು ಇಟ್ಟುಕೊಂಡು ಸುಡಿ.

ರೇಷ್ಮೆಯಾದರೆ ನಿಧಾನವಾಗಿ ಉರಿಯುತ್ತದೆ, ಬೆಂಕಿಯಿಂದ ಆಚೆ ತೆಗೆದರೆ ತಾನೇ ಆರುತ್ತದೆ, ಕೂದಲು ಸುಟ್ಟ ವಾಸನೆ ಬರುತ್ತದೆ, ಉಳಿದ ಕಪ್ಪು ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಮುದುಡಿ ಕರಗುತ್ತದೆ, ಪ್ಲಾಸ್ಟಿಕ್ ವಾಸನೆ ಬರುತ್ತದೆ, ಕೊನೆಗೆ ಗಟ್ಟಿ ಮಣಿ ಉಳಿಯುತ್ತದೆ. ‘ಆರ್ಟ್ ಸಿಲ್ಕ್’ ಅನ್ನುವ ವಿಸ್ಕೋಸ್ ಕಾಗದದ ಹಾಗೆ ಬೇಗ ಉರಿದು, ಕಾಗದದ್ದೇ ವಾಸನೆ ಬಿಟ್ಟು, ಹಗುರ ಬೂದಿಯಾಗುತ್ತದೆ. ಅಂದ ಹಾಗೆ, ಆ ‘ಆರ್ಟ್’ಗೂ ಕಲೆಗೂ ಸಂಬಂಧವಿಲ್ಲ. ಅದು ‘ಆರ್ಟಿಫಿಶಿಯಲ್’ ಅನ್ನುವುದರ ಮೊಟಕು ರೂಪ.

ಬೆಂಕಿಗೂ ಮಿತಿ ಇದೆ. ಉಣ್ಣೆಯೂ ಕೂದಲಿನ ವಾಸನೆಯನ್ನೇ ಕೊಡುತ್ತದೆ. ಎಳೆ ಪ್ರಾಣಿಮೂಲದ್ದು ಅಂತ ಬೆಂಕಿ ಹೇಳೀತು, ಯಾವ ಊರಿನದು, ಎಷ್ಟು ಹಳೆಯದು ಅಂತ ಹೇಳಲಾರದು.

ಜರಿಯ ಹೊಟ್ಟೆಯಲ್ಲಿ ಏನಿದೆ?

ಜರಿಗೆ ನಮ್ಮ ಹಿರಿಯರು ಹೇಳುತ್ತಿದ್ದದ್ದು ಸರಿಗೆ ಅಂತ. ಅಸಲಿ ಸರಿಗೆಯಲ್ಲಿ ಮೂರು ಪದರ: ಒಳಗೆ ರೇಷ್ಮೆ ದಾರ, ಅದರ ಸುತ್ತ ಚಪ್ಪಟೆ ಮಾಡಿದ ಬೆಳ್ಳಿಯ ತಂತಿ, ಮೇಲೆ ಚಿನ್ನದ ಲೇಪ. ಮೈಸೂರು ಸಿಲ್ಕ್ ಮಾಡುವ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ, ಅಂದರೆ ಕೆಎಸ್‌ಐಸಿ, ತನ್ನ ಜರಿಯಲ್ಲಿ ಶೇ 65 ಬೆಳ್ಳಿ, ಶೇ 0.65 ಚಿನ್ನ ಇದೆ ಅಂತ ಹೇಳುತ್ತದೆ. ಎರಡನೇ ದರ್ಜೆಯದರಲ್ಲಿ ಬೆಳ್ಳಿಯ ಜಾಗದಲ್ಲಿ ತಾಮ್ರದ ತಂತಿ. ಮೂರನೆಯದು ಲೋಹದ ಬಣ್ಣ ಕೊಟ್ಟ ಪ್ಲಾಸ್ಟಿಕ್ ಪಟ್ಟಿ.

ಉಗುರಿನಿಂದ ಮೆಲ್ಲಗೆ ಕೆರೆದರೆ ಮೇಲಿನ ಸುತ್ತು ಬಿಚ್ಚಿ ಒಳಗಿನ ದಾರ ಕಾಣುತ್ತದೆ. ಕಂಚಿ ಕಡೆಯ ಅಸಲಿ ಜರಿಯಲ್ಲಿ ಅದು ಕೆಂಪು ರೇಷ್ಮೆ. ಆದರೆ ‘ಕೆಂಪು ಕಂಡರೆ ಅಸಲಿ’ ಅನ್ನುವ ಮಾತು ಎಲ್ಲರಿಗೂ ಗೊತ್ತಾದ ಮೇಲೆ ನಕಲಿಯವರೂ ಒಳಗೆ ಕೆಂಪು ದಾರವನ್ನೇ ಹಾಕತೊಡಗಿದ್ದಾರೆ. ಆ ಕೆಂಪು ಎಳೆಯನ್ನೂ ಬೆಂಕಿಗೆ ಹಿಡಿಯಬೇಕು. ಜರಿಯನ್ನು ಒರೆಗಲ್ಲಿಗೆ ಉಜ್ಜಿದಾಗ ಬರೀ ತಾಮ್ರದ ಕೆಂಪು ಗೀರು ಬಿದ್ದರೆ ಅನುಮಾನ ಪಡಿ. ಇನ್ನೂ ಖಚಿತವಾಗಿ ಬೇಕಿದ್ದರೆ ಎಕ್ಸ್-ರೇ ಯಂತ್ರ ಇರುವ ಅಂಗಡಿ ಅಥವಾ ಲ್ಯಾಬ್‌ನಲ್ಲಿ ಜರಿಗೆ ಏಟಾಗದ ಹಾಗೆ ಲೋಹದ ಪ್ರಮಾಣ ನೋಡಿ ಹೇಳುತ್ತಾರೆ.

ಹಳೆಯ ಸೀರೆಯ ಜರಿ ಕಪ್ಪಾಗಿದ್ದರೆ ‘ಅಯ್ಯೋ ನಕಲಿ’ ಅಂತ ಗಾಬರಿಯಾಗುವುದು ಬೇಡ. ಗಾಳಿಯಲ್ಲಿರುವ ಗಂಧಕದ ಅಂಶ ತಾಗಿ ಬೆಳ್ಳಿ ಕಪ್ಪಾಗುವುದು ಸಹಜ, ದೇವರ ಮನೆಯ ಬೆಳ್ಳಿ ದೀಪದ ಹಾಗೆ. ಐವತ್ತು ವರ್ಷವಾದರೂ ಫಳಫಳ ಅನ್ನುವ ಜರಿಯನ್ನೇ ಹೆಚ್ಚು ಅನುಮಾನಿಸಬೇಕು.

ಚೀನಾದ ಪಿಂಗಾಣಿ ಕಲಿಸಿದ ಮೂರು ಪ್ರಶ್ನೆ

ಕೊಳ್ಳೇಗಾಲದ ಒಂದು ಹುರಿ ಘಟಕದಲ್ಲಿ ಎರಡು ಕಟ್ಟು ನೂಲು ಪಕ್ಕಪಕ್ಕ ಇದ್ದವು. ಒಂದು ಸ್ವಲ್ಪ ಹಳದಿ, ಇನ್ನೊಂದು ಹಾಲಿನ ಹಾಗೆ ಬಿಳಿ, ಒಂದೇ ಸಮ. “ಇದು ನಮ್ದು, ಅದು ಚೀನಾದ್ದು. ಎರಡೂ ರೇಸ್ಮೆಯೇ” ಅಂದರು ಅಲ್ಲಿದ್ದವರು. ಹಾಗಾದರೆ ಆ ಬಿಳಿ ನೂಲಿನಿಂದ ಇಲ್ಲೇ ನೇಯ್ದ ಸೀರೆ ಅಸಲಿಯೋ ನಕಲಿಯೋ?

ಈ ಗೊಂದಲ ಬಿಡಿಸಲು ಚೀನಾದ್ದೇ ಇನ್ನೊಂದು ಸರಕು ಸಹಾಯಕ್ಕೆ ಬರುತ್ತದೆ. ಹಳೆಯ ಚೀನಾ ಪಿಂಗಾಣಿ ಪರೀಕ್ಷಿಸುವವರು ಮೂರು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳುತ್ತಾರೆ. ಇದು ನಿಜಕ್ಕೂ ಪಿಂಗಾಣಿಯೇ? ಹೇಳಿದ ಊರಿನದೇ? ಹೇಳಿದ ಕಾಲದ್ದೇ? ಒಂದಕ್ಕೆ ‘ಹೌದು’ ಸಿಕ್ಕಿದ ಮಾತ್ರಕ್ಕೆ ಉಳಿದೆರಡಕ್ಕೂ ಸಿಕ್ಕ ಹಾಗಲ್ಲ.

ಪಿಂಗಾಣಿಯ ತಳದಲ್ಲಿ ಆರು ಅಕ್ಷರದ ಒಂದು ಮುದ್ರೆ ಇರುವುದುಂಟು, ಯಾವ ವಂಶ, ಯಾವ ಚಕ್ರವರ್ತಿಯ ಕಾಲ ಅಂತ ಹೇಳುವ ಮುದ್ರೆ. ಅದನ್ನು ನೋಡಿ ಕಾಲ ಹೇಳಿಬಿಡಬಹುದು ಅನ್ನಿಸುತ್ತದೆ ಅಲ್ವಾ? ಆದರೆ ಕಾಂಗ್‌ಶಿ ಚಕ್ರವರ್ತಿಯ ಕಾಲದ (1662–1722) ಕುಂಬಾರರು ತಮ್ಮ ಪಾತ್ರೆಗಳ ಮೇಲೆ ಇನ್ನೂರು ವರ್ಷ ಹಿಂದಿನ ಚೆಂಗ್‌ಹುವಾ ಕಾಲದ (1465–1487) ಮುದ್ರೆ ಹಾಕುತ್ತಿದ್ದರು. ಎಷ್ಟೋ ಸಲ ಅದು ಮೋಸಕ್ಕಲ್ಲ, ಹಿಂದಿನವರ ಕೆಲಸದ ಮೇಲಿನ ಗೌರವಕ್ಕೆ. ಮುಂದೆ ಕಾಂಗ್‌ಶಿ ಮುದ್ರೆಗೂ ಅದೇ ಗತಿಯಾಯಿತು. ಅದಕ್ಕೇ ಬಲ್ಲವರು ಮುದ್ರೆಯನ್ನು ಕೊನೆಗೆ ನೋಡುತ್ತಾರೆ. ಮೊದಲು ಮೆರುಗು ಹತ್ತದ ತಳದ ಅಂಚಿನ ಮಣ್ಣು, ಕೈಗೆ ಸಿಗುವ ತೂಕ, ಸವೆತ ಎಲ್ಲಿ ಬಿದ್ದಿದೆ ಅನ್ನುವುದು. ನೂರಾರು ವರ್ಷ ಬಳಸಿದ ಬಟ್ಟಲು ಕೈ ತಾಗುವ ಕಡೆ, ನೆಲ ತಾಗುವ ಕಡೆ ಸವೆಯುತ್ತದೆ. ಉಪ್ಪುಕಾಗದ ಹಾಕಿ ಉಜ್ಜಿದ್ದು ಎಲ್ಲ ಕಡೆ ಒಂದೇ ಸಮ ಸವೆದಿರುತ್ತದೆ. ಕಾಲಕ್ಕೆ ಹೊಂದದ ಗುರುತೂ ಗುಟ್ಟು ಬಿಟ್ಟುಕೊಡುತ್ತದೆ. ರಫ್ತಿನ ಸಾಮಾನಿನ ಮೇಲೆ ದೇಶದ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವ ರೂಢಿ ಬಲವಾದದ್ದು ಅಮೆರಿಕದ 1890ರ ಸುಂಕದ ಕಾಯ್ದೆಯ ನಂತರ. ‘ಚೈನಾ’ ಅಂತ ಇಂಗ್ಲಿಷಿನಲ್ಲಿ ಬರೆದ ಜಾಡಿಯನ್ನು 300 ವರ್ಷದ್ದು ಅಂತ ಯಾರಾದರೂ ಮಾರಲು ಬಂದರೆ ನಕ್ಕು ಕಳಿಸಿ.

ಜೇಡ್ ಕಲ್ಲಿನ ಕಥೆಯೂ ಬೇರೆಯಲ್ಲ. ಒಂದೇ ಹೆಸರಿನಡಿ ನೆಫ್ರೈಟ್, ಜೇಡೈಟ್ ಅಂತ ಎರಡು ಬೇರೆ ಖನಿಜಗಳಿವೆ ಅಂತ ತಿಳಿದದ್ದು 1863ರಲ್ಲಿ, ಫ್ರಾನ್ಸಿನ ಡಾಮೂರ್ ಎಂಬ ವಿಜ್ಞಾನಿಯಿಂದ. ‘ಗಾಜನ್ನು ಗೀರಿದರೆ ಅಸಲಿ ಜೇಡ್’ ಅನ್ನುವುದು ನಮ್ಮ ಉಂಗುರದ ಪರೀಕ್ಷೆಯ ಅಣ್ಣ. ಬೆಣಚುಕಲ್ಲೂ ಗಾಜನ್ನು ಗೀರುತ್ತದೆ. ಇನ್ನು ಅಸಲಿ ಜೇಡೈಟ್‌ಗೇ ಆಸಿಡ್ ಹಾಕಿ ಕಲೆ ತೆಗೆದು, ಅಂಟು ತುಂಬಿ ಹೊಳಪು ಕೊಟ್ಟದ್ದು ಬೇರೆ ಇದೆ. ಕಲ್ಲು ಅಸಲಿ, ಅಂದ ನಕಲಿ. ಅದನ್ನು ಲ್ಯಾಬೇ ಹಿಡಿಯಬೇಕು.

ಈ ಮೂರು ಪ್ರಶ್ನೆಗಳನ್ನು ಸೀರೆಗೆ ಹಚ್ಚಿ ನೋಡಿ. ಎಳೆ ರೇಷ್ಮೆಯೇ? ಇದಕ್ಕೆ ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಲ್ಲಿ ಬಂದ ‘ಸಿಲ್ಕ್ ಮಾರ್ಕ್’ ಲೇಬಲ್ ಉತ್ತರ ಕೊಡುತ್ತದೆ. ಆದರೆ ಅದು ರೇಷ್ಮೆ ಎಳೆಗೆ ಮಾತ್ರ ಭರವಸೆ, ಜರಿಗಲ್ಲ, ಊರಿಗೂ ಅಲ್ಲ. ಹೇಳಿದ ಊರಿನದೇ? ‘ಮೈಸೂರು ಸಿಲ್ಕ್’ ಹೆಸರಿಗೆ 2005ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿದೆ, ಅದರ ಹಕ್ಕು ಕೆಎಸ್‌ಐಸಿಯದು. ಅವರ ಪ್ರತಿ ಸೀರೆಯಲ್ಲೂ ಗುರುತಿನ ಸಂಖ್ಯೆ ಇರುತ್ತದೆ. ಹೇಳಿದ ಕಾಲದ್ದೇ? ಇದಕ್ಕೆ ಯಾವ ಲೇಬಲ್ಲೂ ಇಲ್ಲ. ಕಪ್ಪಾದ ಬೆಳ್ಳಿ, ಮಡಿಕೆಯಲ್ಲಿ ಸೀಳಿದ ಗೆರೆ, ಮನೆಯ ಹಳೆಯ ಫೋಟೊ ಇವೇ ಸಾಕ್ಷಿ. ಪಾಲಿಯೆಸ್ಟರ್ ಬಟ್ಟೆ ಜಗತ್ತಿನ ಮಾರುಕಟ್ಟೆಗೆ ಚೆನ್ನಾಗಿ ಬಂದದ್ದೇ 1950ರ ದಶಕದಲ್ಲಿ. ‘ನೂರು ವರ್ಷದ ಸೀರೆ’ಯ ಹೊಕ್ಕು ಕರಗಿ ಮಣಿಯಾದರೆ ಅಲ್ಲಿಗೆ ಕಥೆ ಮುಗಿಯಿತು.

ಈಗ ಆ ಬಿಳಿ ನೂಲಿಗೆ ಬರೋಣ. ಮೊದಲ ಪ್ರಶ್ನೆಗೆ ಅದು ಪಾಸು. ‘ಇಲ್ಲಿಯದೇ’ ಅಂತ ಹೇಳಿ ಮಾರಿದರೆ ಎರಡನೆಯದಕ್ಕೆ ಅರ್ಧ ಸತ್ಯ. ಆ ಅರ್ಧ ಸತ್ಯಕ್ಕೆ ಈ ಊರುಗಳು ಬೆಲೆ ತೆತ್ತಿವೆ. 2011ರ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ 30ರಿಂದ ಶೇ 5ಕ್ಕೆ ಇಳಿದಾಗ ಗೂಡಿನ ಬೆಲೆ ಕುಸಿದು ರೈತರು ಬೀದಿಗಿಳಿದರು. 2013ರಲ್ಲಿ ಸುಂಕವನ್ನು ಶೇ 15ಕ್ಕೆ ಏರಿಸಬೇಕಾಯಿತು. ಅದೇ ಹೊತ್ತಿಗೆ ನೇಕಾರರ ಮಾತೂ ಸುಳ್ಳಲ್ಲ: ಹಾಸಿಗೆ ಬೇಕಾದ ಗಟ್ಟಿ, ಸಮನಾದ ನೂಲು ಇಲ್ಲಿ ಸಾಕಷ್ಟು ಸಿಗದಿದ್ದರೆ ಅವರು ಏನು ಮಾಡಬೇಕು? ಅಸಲಿ-ನಕಲಿ ಅನ್ನುವ ಎರಡೇ ಪೆಟ್ಟಿಗೆಯಲ್ಲಿ ಈ ನೂಲು ಹಿಡಿಯುವುದಿಲ್ಲ. ಏನು, ಎಲ್ಲಿಯದು ಅಂತ ನೇರವಾಗಿ ಹೇಳಿ ಮಾರಿದರೆ ಯಾರಿಗೂ ಮೋಸವಿಲ್ಲ.

‘ಹಳೇ ಜರಿ ಸೀರೆ ಕೊಳ್ತೀವಿ’

ಹಳೆಯ ಸೀರೆಯನ್ನು ಪರೀಕ್ಷಿಸಿ ತಿಳಿಯುವುದು ಯಾಕೆ ಬೇಕು ಅಂತ ಅನ್ನಿಸಿದರೆ ಇದನ್ನು ಕೇಳಿ. ನಾನಿದ್ದ ದಿನವೇ ನೇಕಾರರೊಬ್ಬರ ಮನೆಗೆ ತಾಯಿ-ಮಗಳು ಒಂದು ಸೀರೆ ತಂದಿದ್ದರು, ತಾಯಿಯ ಅತ್ತೆಯ ಮದುವೆ ಸೀರೆ. ಮಗಳಿಗೆ ನರ್ಸಿಂಗ್ ಸೀಟು ಸಿಕ್ಕಿತ್ತು, ಫೀಸು ಕಟ್ಟಬೇಕು. ಬೀದಿಯಲ್ಲಿ ಹಳೇ ಜರಿ ಕೊಳ್ಳುವವನು ಬಂದು, ಸೀರೆಯನ್ನು ಪೂರ್ತಿ ಬಿಚ್ಚದೆ, ಮೂರು ಸಾವಿರ ಅಂದಿದ್ದನಂತೆ. “ಈಗ್ಲೇ ಕೊಟ್ರೆ ಇನ್ನೊಂದೈನೂರು” ಅಂತಲೂ ಅಂದಿದ್ದ.

ಇಂಥ ಸೀರೆಗಳು ಎಲ್ಲಿಗೆ ಹೋಗುತ್ತವೆ ಗೊತ್ತಾ? ಬೆಂಕಿಗೆ. ರೇಷ್ಮೆ ಸುಟ್ಟು ಬೂದಿಯಾಗುತ್ತದೆ, ಬೆಳ್ಳಿ ಉಳಿಯುತ್ತದೆ. ಲೆಕ್ಕ ಕಷ್ಟದ್ದಲ್ಲ. ಸೀರೆಯಲ್ಲಿ 100 ಗ್ರಾಂ ಜರಿ ಇದ್ದು, ಅದು ಕೆಎಸ್‌ಐಸಿ ಹೇಳುವ ಪ್ರಮಾಣದ್ದೇ ಆಗಿದ್ದರೆ 65 ಗ್ರಾಂ ಬೆಳ್ಳಿ, 0.65 ಗ್ರಾಂ ಚಿನ್ನ. ಈವತ್ತಿನ ರೇಟನ್ನು ಫೋನಿನಲ್ಲಿ ನೋಡಿ ಗುಣಿಸಿಕೊಳ್ಳಿ. ಬೀದಿಯಲ್ಲಿ ಹೇಳುವ ಬೆಲೆ ಯಾಕೆ ಅಷ್ಟು ಆತುರದ್ದು ಅಂತ ಅರ್ಥವಾಗುತ್ತದೆ.

ನೇಕಾರರು ಸೀರೆಯನ್ನು ಮಂಚದ ಮೇಲೆ ಹರವಿದರು. ಮೊದಲು ನೋಡಿದ್ದು ಅಂಚಿನ ಹಿಂಬದಿ. ಆಮೇಲೆ ಒಂದು ಎಳೆ ಕೆರೆದರು, ಸುಟ್ಟರು, ಮೂಸಿದರು. ಜರಿ ಕಪ್ಪಾಗಿತ್ತು, ಒಡಲು ಮಡಿಕೆಗುಂಟ ನಾಲ್ಕು ಕಡೆ ಸೀಳಿತ್ತು. “ರೇಸ್ಮೆ ದಿಟ. ಸರಿಗೆನೂ ಬೆಳ್ಳೀದೇ ಅನ್ಸ್ತದೆ. ಮಾರೋದಾದ್ರೆ ಬೆಳ್ಳಿ ಅಂಗ್ಡೀಲಿ ಮಿಷನ್‌ಗೆ ಹಿಡಿಸಿ, ತೂಕ ಹಾಕ್ಸಿ ಮಾರವ್ವ. ಬೀದೀಲಿ ಕೊಡಬ್ಯಾಡ” ಅಂದರು. ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: “ಸೆರಗು ಒಂದ್ ಉಳಿಸ್ಕೊಳಕಾದದಾ ಅಣ್ಣಾ?”

ಆಗುತ್ತದೆ. ಒಡಲು ಸವೆದ ಸೀರೆಯ ಅಂಚು, ಸೆರಗನ್ನು ಬಿಡಿಸಿ ಹೊಸ ಬಟ್ಟೆಗೆ ಹಚ್ಚುವುದು ಹಳೆಯ ರೂಢಿ. ಅಂಚು ಮಾರುವುದು, ಸೆರಗು ಮಗಳ ಮದುವೆಗೆ ಇಟ್ಟುಕೊಳ್ಳುವುದು ಅಂತ ತಾಯಿ-ಮಗಳು ಅಲ್ಲೇ ಮಾತಾಡಿಕೊಂಡರು. ಸೀರೆ ಮಾರುವುದು ತಪ್ಪು ಅಂತ ಅಲ್ಲಿ ಯಾರೂ ಭಾಷಣ ಮಾಡಲಿಲ್ಲ. ಫೀಸಿಗೆ ದಿನ ಗೊತ್ತಾಗಿರುವ ಮನೆಯಲ್ಲಿ ಅದು ನಡೆಯುವ ಮಾತೂ ಅಲ್ಲ. ಆದರೆ ಕೈಯಲ್ಲಿರುವುದು ಏನು ಅಂತ ತಿಳಿದ ಮೇಲೆ, ಎಷ್ಟಕ್ಕೆ ಮಾರಬೇಕು, ಯಾವುದನ್ನು ಮಾರಬಾರದು ಅಂತ ಅವರೇ ನಿರ್ಧರಿಸಿದರು.

ನೀವು ಹೋಗುವುದಾದರೆ

ಬೆಂಗಳೂರಿನವರಿಗೆ ಕನಕಪುರ, ಮಳವಳ್ಳಿ ಮೇಲೆ ಕೊಳ್ಳೇಗಾಲ, ಮೈಸೂರಿನವರಿಗೆ ತಿ. ನರಸೀಪುರದ ದಾರಿ. ಬೆಳಿಗ್ಗೆ ಕೊಳ್ಳೇಗಾಲದ ಗೂಡಿನ ಮಾರುಕಟ್ಟೆ ನೋಡಿ, ನೇಕಾರರ ಬೀದಿಗಳಲ್ಲಿ ಒಂದು ಸುತ್ತು ಹಾಕಿ. ಕೆಲಸದ ಹೊತ್ತಿನಲ್ಲಿ ಕೇಳದೆ ಫೋಟೊ, ರೀಲ್ಸ್ ಬೇಡ. ಆಮೇಲೆ ಮಾಂಬಳ್ಳಿ ಮೇಲೆ ಯಳಂದೂರಿಗೆ ಬನ್ನಿ. ಅಲ್ಲಿ ಗೌರೀಶ್ವರ ದೇವಸ್ಥಾನದ ಮುಂದಿನ ಬಳೆ ಮಂಟಪದಲ್ಲಿ ಒಂದೇ ಕಲ್ಲಿನಲ್ಲಿ ಕಡೆದ ಬಳೆಗಳ ಸರಪಳಿ ಇದೆ. ಜೋಡಿಸಿದ ಗುರುತು ಎಲ್ಲಾದರೂ ಸಿಗುತ್ತದಾ ಅಂತ ಹುಡುಕಿ ನೋಡಿ.

ಸೀರೆ ಕೊಳ್ಳುವಾಗ ಬಿಲ್ಲಿನಲ್ಲಿ ‘ಸಿಲ್ಕ್ ಸೀರೆ’ ಅಂತ ಮಾತ್ರ ಬರೆಸಬೇಡಿ. ಹಾಸು ಏನು, ಹೊಕ್ಕು ಏನು, ಜರಿ ಯಾವ ದರ್ಜೆಯದು, ಎಲ್ಲಿ ನೇಯ್ದದ್ದು ಅಂತ ಬರೆದುಕೊಡಿ ಅನ್ನಿ. ಸಿಲ್ಕ್ ಮಾರ್ಕ್ ಲೇಬಲ್ ಇದ್ದರೆ ಅಲ್ಲೇ ಫೋನಿನಲ್ಲಿ ಸ್ಕ್ಯಾನ್ ಮಾಡಿ. ‘ಸೆಮಿ ಸಿಲ್ಕ್’, ‘ಸಿಲ್ಕ್ ಫಿನಿಶ್’, ‘ಆರ್ಟ್ ಸಿಲ್ಕ್’ ಬೇಕಿದ್ದರೆ ಕೊಳ್ಳಿ, ಅದೇನು ಅಪರಾಧವಲ್ಲ, ಆದರೆ ಆ ಬೆಲೆಗೆ ಮಾತ್ರ.

ಮನೆಯಲ್ಲಿರುವ ಹಳೆಯದನ್ನು ವರ್ಷಕ್ಕೆರಡು ಸಲ ಬಿಚ್ಚಿ, ನೆರಳಲ್ಲಿ ಗಾಳಿಗೆ ಹಾಕಿ, ಮಡಿಕೆ ಬದಲಿಸಿ ಮಡಿಚಿಡಿ. ನುಸಿಗುಳಿಗೆ ಜರಿಗೆ ತಾಗದಿರಲಿ, ಪ್ಲಾಸ್ಟಿಕ್ ಕವರ್ ಬೇಡ, ಹತ್ತಿ ಬಟ್ಟೆ ಸಾಕು. ಹಾಗೇ ಅದು ಯಾರದು, ಯಾವ ಮದುವೆಯದು, ಎಲ್ಲಿ ಕೊಂಡದ್ದು ಅಂತ ಮನೆಯ ಹಿರಿಯರನ್ನು ಕೇಳಿ ಒಂದು ಚೀಟಿ ಬರೆದು ಮಡಿಕೆಯಲ್ಲಿಡಿ. ಕಾಲದ ಪ್ರಶ್ನೆಗೆ ಲೇಬಲ್ ಇಲ್ಲ ಅಂದೆನಲ್ಲ, ಆ ಚೀಟಿಯೇ ಅದರ ಲೇಬಲ್. ಉತ್ತರ ಗೊತ್ತಿರುವವರು ಮನೆಯಲ್ಲಿ ಇರುವಾಗಲೇ ಬರೆದುಬಿಡಿ.